ಬಂಡೆ ಸಿಗುವ ತನಕ

ಬೆಟ್ಟದ ಮೇಲೆ ಕುಳಿತು ಯೇಸುಸ್ವಾಮಿ ಮಾಡಿದ ಪ್ರಸಂಗ ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯಕ್ಕೆ ಶುರುವಾಗಿ ಏಳನೆಯದರ ಕೊನೆಗೆ ಮುಗಿಯುತ್ತದೆ. ಅದರ ತುದಿಗೆ ಬರುವುದು ಎರಡು ಮನೆಗಳ ಸಾಮ್ಯ. ವಿವೇಕಿಯೊಬ್ಬ ಬಂಡೆಯ ಮೇಲೆ ಮನೆ ಕಟ್ಟಿಕೊಂಡ, ಅವಿವೇಕಿಯೊಬ್ಬ ಮರಳಿನ ಮೇಲೆ ಕಟ್ಟಿಕೊಂಡ. ಒಂದೇ ಮಳೆ, ಒಂದೇ ಪ್ರವಾಹ, ಒಂದೇ ಗಾಳಿ ಎರಡಕ್ಕೂ ಬಡಿಯಿತು. ಮೊದಲನೆಯದು ನಿಂತಿತು, ಎರಡನೆಯದು ಉರುಳಿತು. ಪ್ರಸಂಗ ಅಲ್ಲಿಗೇ ಮುಗಿಯುತ್ತದೆ. ದುಃಖಪಡುವವರು ಧನ್ಯರೆಂದು ಅಷ್ಟು ಮೃದುವಾಗಿ ಬಾಯ್ದೆರೆದ ಗುರು, ಒಂದು ಮನೆ ಕುಸಿದ ಸುದ್ದಿ ಹೇಳಿ ಮಾತು ನಿಲ್ಲಿಸುತ್ತಾನೆ. ಕೇಳಿದವರ ಎದೆಯಲ್ಲಿ ಆ ಸದ್ದು ಉಳಿಯಲಿ ಎಂದೇ ಹೀಗೆ ನಿಲ್ಲಿಸಿದನೆಂದು ನಾನು ನಂಬಿದ್ದೇನೆ.

ಸಂಡೇ ಸ್ಕೂಲಿಗೆ ಹೋದ ಮಕ್ಕಳಿಗೆಲ್ಲ ಈ ಕಥೆ ಬಾಯಿಪಾಠ. ಶಿವಾಜಿನಗರವಿರಲಿ, ಹಲಸೂರಿರಲಿ, ಕೆ.ಆರ್.ಪುರದಾಚೆಯ ಹೊಸ ಬಡಾವಣೆಯಿರಲಿ, ಗೃಹಪ್ರವೇಶಕ್ಕೆ ಫಾದರನ್ನೋ ಅಯ್ಯನವರನ್ನೋ ಕರೆದಾಗ ಓದಲು ಆರಿಸಿಕೊಳ್ಳುವ ಭಾಗಗಳಲ್ಲಿ ಇದೂ ಒಂದು. ಅಷ್ಟು ಬಳಕೆಯಾದ ಮಾತಾದ್ದರಿಂದ ಅದರ ಅಂಚು ಸವೆದಿದೆ. ಬಂಡೆಯೆಂದರೆ ಕ್ರಿಸ್ತನನ್ನು ನಂಬಿದವರ ಬಾಳು, ಮರಳೆಂದರೆ ನಂಬದವರ ಬಾಳು ಎಂದು ಹೇಳಿ ಮುಗಿಸಿಬಿಡುತ್ತೇವೆ. ಆ ಅರ್ಥದಲ್ಲಿ ನಮಗೊಂದು ನೆಮ್ಮದಿಯಿದೆ: ಬೀಳುವ ಮನೆ ಯಾವಾಗಲೂ ಬೇರೆಯವರದು.

ಮೂಲದಲ್ಲಿ ಆ ನೆಮ್ಮದಿಗೆ ಜಾಗವಿಲ್ಲ. ಅಲ್ಲಿ ವಿವೇಕಿಯೂ ಸ್ವಾಮಿಯ ಮಾತು ಕೇಳಿದವನೇ, ಅವಿವೇಕಿಯೂ ಕೇಳಿದವನೇ. ಒಬ್ಬ ಕೇಳಿ ಅದರಂತೆ ನಡೆದ, ಇನ್ನೊಬ್ಬ ಕೇಳಿ ಸುಮ್ಮನಾದ. ಈ ಸಾಮ್ಯಕ್ಕೆ ತುಸು ಹಿಂದಿನ ಮಾತನ್ನೂ ಕೂಡಿಸಿ ಓದಬೇಕು. ತನ್ನನ್ನು ಸ್ವಾಮೀ ಸ್ವಾಮೀ ಎಂದು ಕರೆದವರೆಲ್ಲ ಪರಲೋಕ ರಾಜ್ಯ ಸೇರುವುದಿಲ್ಲ, ತನ್ನ ಹೆಸರಿನಲ್ಲಿ ದೆವ್ವ ಬಿಡಿಸಿದವರಿಗೂ ಮಹತ್ಕಾರ್ಯ ನಡೆಸಿದವರಿಗೂ ಕಡೆಯ ದಿನ ನಿಮ್ಮ ಗುರುತೇ ನನಗಿಲ್ಲವೆಂದು ಹೇಳಬೇಕಾದೀತು ಎಂದು ಆತ ಎಚ್ಚರಿಸಿರುತ್ತಾನೆ. ಅದರ ಬೆನ್ನಿಗೇ ಮನೆಗಳ ಕಥೆ ಬರುತ್ತದೆ. ಅಂದಮೇಲೆ ಈ ಎರಡೂ ಮನೆಗಳು ಒಂದೇ ಸಭೆಯೊಳಗಿನವು. ಎರಡರ ಯಜಮಾನರೂ ಭಾನುವಾರ ಪಕ್ಕಪಕ್ಕದ ಬೆಂಚಿನಲ್ಲಿ ಕೂರುವವರು.

ಇದೇ ಕಥೆಯನ್ನು ಲೂಕನೂ ಹೇಳಿದ್ದಾನೆ, ಆರನೆಯ ಅಧ್ಯಾಯದ ಕೊನೆಗೆ. ಮತ್ತಾಯನಲ್ಲಿ ಬಂಡೆ ಕಣ್ಣೆದುರೇ ಇದ್ದಂತಿದೆ. ಇಲ್ಲಿ ಕಟ್ಟಬೇಕೋ ಅಲ್ಲಿ ಕಟ್ಟಬೇಕೋ ಎಂಬುದು ಜಾಗದ ಆಯ್ಕೆ. ಲೂಕನ ಮನುಷ್ಯ ಅಗೆಯುತ್ತಾನೆ, ಆಳಕ್ಕೆ ಇಳಿಯುತ್ತಾನೆ, ಬಂಡೆ ಸಿಕ್ಕ ಮೇಲೆ ಅಸ್ತಿವಾರ ಹಾಕುತ್ತಾನೆ. ಇನ್ನೊಬ್ಬನಿಗೆ ಅಸ್ತಿವಾರವೇ ಇಲ್ಲ, ಬರೀ ಮಣ್ಣಿನ ಮೇಲೆ ಗೋಡೆ ಎಬ್ಬಿಸಿದವನು. ಹೀಗಾದರೆ ಇಬ್ಬರ ನಿವೇಶನವೂ ಒಂದೇ ಸಾಲಿನಲ್ಲಿ ಇದ್ದಿರಬಹುದು. ಬಂಡೆ ಇಬ್ಬರ ಕಾಲಡಿಯಲ್ಲೂ ಇತ್ತು. ಅಲ್ಲಿಯವರೆಗೆ ಇಳಿಯುವ ಶ್ರಮ ಒಬ್ಬನಿಗೆ ಬೇಡವಾಯಿತು. ನನಗೆ ಲೂಕನ ಕಥನವೇ ಹೆಚ್ಚು ಹತ್ತಿರದ್ದು, ಯಾಕೆಂದರೆ ಅದರಲ್ಲಿ ಯಾರಿಗೂ ಬಂಡೆಯನ್ನು ನಿರಾಕರಿಸಿಲ್ಲ.

ಬೆಂಗಳೂರಿನವರಿಗಂತೂ ಇದು ಬೇಗ ತಿಳಿಯಬೇಕು. ನಮ್ಮ ಊರು ನಿಂತಿರುವುದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆಯ ಮೇಲೆ. ಲಾಲ್‌ಬಾಗಿನಲ್ಲಿ ಅದು ಮೈದೋರಿ ನಿಂತಿದೆ, ಮಿಕ್ಕ ಕಡೆ ಕೆಂಪುಮಣ್ಣಿನಡಿ ಅಡಗಿದೆ. ಹಳೆಯ ಮೇಸ್ತ್ರಿಗಳು ಮೇಲ್ಮಣ್ಣು ತೆಗೆಸಿ, ಗುದ್ದಲಿ ಟಣ್ಣೆನ್ನುವ ಗಟ್ಟಿ ನೆಲ ಸಿಗುವ ತನಕ ಅಗೆಸಿ, ಸೈಜುಗಲ್ಲಿನ ಪಾಯ ಹಾಕಿಸುತ್ತಿದ್ದರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯ ಬಿಸಿ ಮೊದಲು ತಟ್ಟುವುದೇ ಪಾಯದ ಹಂತದಲ್ಲಿ. ಅಲ್ಲಿ ಸುರಿದ ದುಡ್ಡು ಮಣ್ಣಿನೊಳಗೆ ಹೋಗಿಬಿಡುತ್ತದೆ. ನೆಂಟರಿಷ್ಟರು ಬಂದು ನೋಡಿ ಹೊಗಳುವುದು ನೆಲಕ್ಕೆ ಹಾಸಿದ ಗ್ರಾನೈಟನ್ನು, ಬಾಗಿಲಿನ ಕೆತ್ತನೆಯನ್ನು. ಪಾಯ ಚೆನ್ನಾಗಿದೆ ಎಂದು ಯಾರೂ ಹೇಳಿ ಹೋಗುವುದಿಲ್ಲ.

ಮರಳಿನ ವಿಷಯಕ್ಕೂ ಒಂದು ಮಾತು. ಯೇಸು ಓಡಾಡಿದ ಸೀಮೆಯಲ್ಲಿ ಬೇಸಿಗೆಯಿಡೀ ಒಣಗಿ ಬಿದ್ದಿರುವ ಹಳ್ಳಗಳುಂಟು. ಅಲ್ಲಿನ ನೆಲ ಸಮತಟ್ಟು, ಅಗೆಯಲು ಹಗುರ. ಮೋಡವಿಲ್ಲದ ತಿಂಗಳುಗಳಲ್ಲಿ ನೋಡಿದವರಿಗೆ ಅದು ಮನೆಗೆ ಹೇಳಿ ಮಾಡಿಸಿದ ಜಾಗ. ಚಳಿಗಾಲದ ಮಳೆ ಹಿಡಿದಾಗ ಮೇಲಿನ ಗುಡ್ಡಗಳ ನೀರೆಲ್ಲ ಅದೇ ಪಾತ್ರಕ್ಕೆ ನುಗ್ಗುತ್ತದೆ. ಅವಿವೇಕಿ ಎಂದು ಕಥೆಯಲ್ಲಿ ಕರೆಸಿಕೊಂಡವನು ಕಟ್ಟುವ ಹೊತ್ತಿಗೆ ಊರವರ ಕಣ್ಣಿಗೆ ಜಾಣನಾಗಿಯೇ ಕಂಡಿರಬೇಕು. ಅವನ ಮನೆ ಮೊದಲು ಮುಗಿಯಿತು, ಖರ್ಚೂ ಕಡಿಮೆಯಾಯಿತು.

ಇಲ್ಲಿ ಆ ಒಣಹಳ್ಳದ ಜಾಗದಲ್ಲಿ ಕೆರೆಯಂಗಳವಿದೆ, ರಾಜಕಾಲುವೆಯಿದೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ದಂಡು ಪ್ರದೇಶಕ್ಕೆ (ಕಂಟೋನ್ಮೆಂಟಿಗೆ) ನೀರೂಡಿಸಿದ ಮಿಲ್ಲರ್ಸ್ ಕೆರೆ ಈಗ ರಸ್ತೆಯ ಹೆಸರಿನಲ್ಲಷ್ಟೇ ಉಳಿದಿದೆ. ಇಂದಿರಾನಗರದ ಕೆಳಗಿನ ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನವಾಯಿತು. ಕೆ.ಆರ್.ಪುರ, ಮಹದೇವಪುರದ ಕಡೆ ಒಂದು ಕೆರೆಯ ಕೋಡಿ ಇನ್ನೊಂದಕ್ಕೆ ಹರಿಯುತ್ತಿದ್ದ ಸರಪಣಿಯಲ್ಲಿ ಎಷ್ಟೋ ಕೊಂಡಿಗಳನ್ನು ಸೈಟುಗಳು ನುಂಗಿದವು. ಫೆಬ್ರುವರಿಯಲ್ಲಿ ಸೈಟು ತೋರಿಸಿದರೆ ಕೊಳ್ಳುವವನಿಗೆ ನೀರಿನ ಸುಳಿವೂ ಸಿಗದು.

2022ರ ಸೆಪ್ಟೆಂಬರ್ 4ರ ರಾತ್ರಿ ಹಿಡಿದ ಮಳೆ ಬೆಳಗಾಗುವಷ್ಟರಲ್ಲಿ 131.6 ಮಿಲಿಮೀಟರ್ ಸುರಿದಿತ್ತು. ಹೊರವರ್ತುಲ ರಸ್ತೆಯ ಆಚೀಚೆ ಕೋಟಿಗಟ್ಟಲೆ ಬೆಲೆಯ ಮನೆಗಳವರು ಟ್ರ್ಯಾಕ್ಟರು, ದೋಣಿ ಹತ್ತಿ ಹೊರಬಂದರು. ಅದೇ ವಾರ ಶಿವಾಜಿನಗರದ ಸಂತ ಮರಿಯಮ್ಮನ ಬೆಸಿಲಿಕದಲ್ಲಿ ಹಬ್ಬದ ನವದಿನಗಳ ಪ್ರಾರ್ಥನೆ ನಡೆಯುತ್ತಿತ್ತು. ಪ್ರತಿವರ್ಷ ಆಗಸ್ಟ್ 29ಕ್ಕೆ ಧ್ವಜ ಏರಿ, ಸೆಪ್ಟೆಂಬರ್ 8ಕ್ಕೆ ತೇರು ಎಳೆಯುವ ಹಬ್ಬ ಅದು. ಕಾವಿಬಣ್ಣದ ಬಟ್ಟೆಯುಟ್ಟು ಮೇಣದ ಬತ್ತಿ ಹಿಡಿದು ಬರುವವರಲ್ಲಿ ಎಲ್ಲ ಮತದವರೂ ಇರುತ್ತಾರೆ. ಮಳೆ ಹಬ್ಬದ ಬೀದಿಗೂ ಬಂತು, ನಂಬಿದವರ ಮನೆಗೂ ನುಗ್ಗಿತು. ಇದನ್ನು ನೆನೆಯುವುದಕ್ಕೆ ಕಾರಣವಿದೆ. ನಂಬಿಕೆಯಿದ್ದವನಿಗೆ ಕಷ್ಟವೇ ಬಾರದು, ಸಾಲ ತೀರುತ್ತದೆ, ವೀಸಾ ಸಿಗುತ್ತದೆ, ಕಾಯಿಲೆ ಹತ್ತಿರ ಸುಳಿಯದು ಎಂಬ ಬೋಧನೆ ಇಂದು ಜೋರಾಗಿ ಕೇಳುತ್ತಿದೆ. ಅಂಥ ಮಾತಿಗೆ ಬೆಟ್ಟದ ಪ್ರಸಂಗದಲ್ಲಿ ಆಧಾರವಿಲ್ಲ. ಅದೇ ಪ್ರಸಂಗದ ನಡುವೆ, ತಂದೆಯಾದ ದೇವರು ಬಿಸಿಲನ್ನೂ ಮಳೆಯನ್ನೂ ನೀತಿವಂತರಿಗೂ ಅನೀತಿವಂತರಿಗೂ ಭೇದವಿಲ್ಲದೆ ಕೊಡುತ್ತಾನೆಂಬ ಮಾತಿದೆ. ಅಲ್ಲಿ ಕೃಪೆಯಾಗಿ ಬಂದ ಮಳೆಯೇ ಕೊನೆಯ ಕಥೆಯಲ್ಲಿ ಪರೀಕ್ಷೆಯಾಗಿ ಬರುತ್ತದೆ. ಬಂಡೆಯ ಮೇಲಿನ ಮನೆಯೂ ನೆನೆಯಿತು, ಅದರ ಗೋಡೆಗೂ ನೀರು ಅಪ್ಪಳಿಸಿತು. ಅದು ಬೀಳಲಿಲ್ಲ ಎಂಬುದಷ್ಟೇ ಸ್ವಾಮಿ ಕೊಟ್ಟ ಭರವಸೆ. ಕಾಯಿಲೆ ಬಿದ್ದ ವಿಶ್ವಾಸಿಯ ಹಾಸಿಗೆಯ ಪಕ್ಕ ನಿಂತು ನಿನ್ನ ನಂಬಿಕೆ ಸಾಲದಾಯಿತು ಎನ್ನುವವರು ಈ ಸಾಮ್ಯವನ್ನು ಓದೇ ಇಲ್ಲ ಎನ್ನಬೇಕು.

ಇನ್ನೊಂದು ಘಟನೆ ಈ ಕಥೆಯನ್ನು ಓದುವಾಗಲೆಲ್ಲ ನನ್ನನ್ನು ತಡೆದು ನಿಲ್ಲಿಸುತ್ತದೆ. 2024ರ ಅಕ್ಟೋಬರ್ 22ರಂದು ಹೊರಮಾವು ಬಳಿಯ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡವೊಂದು ಮಳೆಯ ನಡುವೆ ಕುಸಿದು ಒಂಬತ್ತು ಜನ ಸತ್ತರು. ಅನುಮತಿ ಪಡೆದದ್ದಕ್ಕಿಂತ ಹೆಚ್ಚು ಅಂತಸ್ತು ಏರಿಸಿದ್ದರೆಂದು ಅಧಿಕಾರಿಗಳು ಹೇಳಿದರು. ಸತ್ತವರು ದುಡಿಯಲು ಬಂದಿದ್ದ ಕೂಲಿಕಾರರು. ಪಾಯ ಎಷ್ಟಿರಬೇಕು, ಮಹಡಿ ಎಷ್ಟಿರಬೇಕು ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಸುವಾರ್ತೆಯ ಕಥೆಯಲ್ಲಿ ಅವಿವೇಕಿಯ ಮನೆ ಅವಿವೇಕಿಯ ಮೇಲೆ ಬೀಳುತ್ತದೆ. ಲೋಕದಲ್ಲಿ ಅದು ಇತರರ ಮೇಲೂ ಬೀಳುತ್ತದೆ. ತಂದೆಯ ಬಾಳಿಗೆ ಬುಡವಿಲ್ಲದಿದ್ದರೆ ಮಕ್ಕಳು ಅಡಿಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಸಭೆಯ ಹಿರಿಯರು ಮರಳಿನ ಮೇಲೆ ಕಟ್ಟಿದರೆ ಹಿಂದಿನ ಬೆಂಚಿನ ಬಡವರ ನಂಬಿಕೆ ಜಜ್ಜಿಹೋಗುತ್ತದೆ. ಹಾಗಾಗಿ ಅಸ್ತಿವಾರದ ಪ್ರಶ್ನೆಯನ್ನು ನನ್ನ ಆತ್ಮ, ನನ್ನ ರಕ್ಷಣೆ ಎಂಬ ಖಾಸಗಿ ವ್ಯವಹಾರವಾಗಿ ಎಣಿಸಲಾಗದು. ನನ್ನ ಛಾವಣಿಯ ಕೆಳಗೆ ಯಾರು ಯಾರಿದ್ದಾರೆ ಎಂದು ಕೇಳಿಕೊಂಡೇ ಗುದ್ದಲಿ ಹಿಡಿಯಬೇಕು.

ದಂಡು ಪ್ರದೇಶದ ಚರಿತ್ರೆಯನ್ನೂ ಈ ಕಥೆಯ ಬೆಳಕಿನಲ್ಲಿ ಓದಬಹುದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಕ್ರಮೇಣ ಬೆಂಗಳೂರಿಗೆ ಬಂತು. ಅದರ ಬೆನ್ನಿಗೆ ಚರ್ಚುಗಳೂ ಬಂದವು. 1808ರಲ್ಲಿ ಸಂತ ಮಾರ್ಕರ ದೇವಾಲಯದ ಕೆಲಸ ಶುರುವಾಯಿತು. ಪರೇಡ್ ಮೈದಾನದ ಪೂರ್ವದ ತುದಿಗೆ, ಹಲಸೂರಿಗೆ ಹೋಗುವ ದಾರಿಯಲ್ಲಿ, 1850ರ ಆಸುಪಾಸಿಗೆ ಹೋಲಿ ಟ್ರಿನಿಟಿ ಎದ್ದಿತು. ಕಲ್ಲು, ಗಾರೆ, ಸರ್ಕಾರದ ಬೊಕ್ಕಸ, ಮುಂದಿನ ಸಾಲಿನಲ್ಲಿ ಸಮವಸ್ತ್ರದ ಅಧಿಕಾರಿಗಳು. ನೋಡಿದವರಿಗೆ ಇದಕ್ಕಿಂತ ಭದ್ರವಾದ ಮನೆ ಬೇರಿಲ್ಲ ಅನ್ನಿಸಿರಬೇಕು. 1947ರಲ್ಲಿ ಬ್ರಿಟಿಷ್ ಸೈನ್ಯ ಹೋಯಿತು, ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎನಿಸಿದ್ದ ದಂಡು ಪ್ರದೇಶ ಮೈಸೂರಿಗೆ ಮರಳಿತು, ಮುಂದಿನ ವರ್ಷಗಳಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳು ಇಂಗ್ಲೆಂಡಿಗೆ, ಆಸ್ಟ್ರೇಲಿಯಕ್ಕೆ ಹೊರಟವು. ಸಾಮ್ರಾಜ್ಯವೇ ಬುಡವಾಗಿದ್ದರೆ ಚರ್ಚುಗಳು ಅಂದೇ ಮುಚ್ಚಬೇಕಿತ್ತು. ಸ್ವಾತಂತ್ರ್ಯ ಬಂದು ಆರು ವಾರವಷ್ಟೇ ಕಳೆದಿತ್ತು, ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಹಲವು ಪಂಗಡಗಳು ಕೂಡಿ ದಕ್ಷಿಣ ಭಾರತ ಸಭೆಯಾದವು. ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಅಡುಗೆಯವರ, ದರ್ಜಿಗಳ, ದಾದಿಯರ, ಗುಮಾಸ್ತರ ಮಕ್ಕಳು ಮುಂದಿನ ಸಾಲಿಗೆ ಬಂದರು. ಕನ್ನಡ, ತಮಿಳು, ತೆಲುಗು ಮಾತಾಡುವ ಆ ಮನೆತನಗಳ ಮೊಣಕಾಲಿನ ಪ್ರಾರ್ಥನೆ ಕಟ್ಟಡವನ್ನು ಹೊತ್ತು ನಿಂತಿತು.

ಶಿವಾಜಿನಗರದ ಬೆಸಿಲಿಕದ ಕಥೆ ಇನ್ನೂ ಹಿಂದಿನದು. ಈಗ ಎತ್ತರದ ಗೋಪುರ ನಿಂತಿರುವೆಡೆ ಮೊದಲಿಗೆ ಒಂದು ಹುಲ್ಲುಮಾಡಿನ ಪ್ರಾರ್ಥನಾ ಮಂದಿರವಿತ್ತು, ಅದನ್ನು ಕಟ್ಟಿಸಿದವರು ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಎಂದು ಧರ್ಮಕೇಂದ್ರದ ಚರಿತ್ರೆ ಹೇಳುತ್ತದೆ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ದೇಶೀ ಉಡುಪು ತೊಟ್ಟು, ಮಾಂಸ ಬಿಟ್ಟು ಬದುಕಿ, ಸಿಡುಬಿಗೆ ಲಸಿಕೆ ಹಾಕಿಸಲು ಜನರ ಮನವೊಲಿಸಿದ ಮನುಷ್ಯ ಆತ. ಮೂವತ್ತು ವರ್ಷ ಇಲ್ಲಿ ದುಡಿದು 1823ರಲ್ಲಿ ಫ್ರಾನ್ಸಿಗೆ ಮರಳಿದರು. ಅದೇ ವರ್ಷ ಅಚ್ಚಾದ ತಮ್ಮ ಪತ್ರಗಳಲ್ಲಿ, ಈ ದೇಶದಲ್ಲಿ ಕ್ರೈಸ್ತ ಧರ್ಮ ಬೇರೂರುವ ಆಸೆ ತಮಗೆ ಉಳಿದಿಲ್ಲವೆಂಬ ನಿಲುವನ್ನು ಅವರು ಮುಂದಿಟ್ಟರು. ತನ್ನ ಕೆಲಸ ವ್ಯರ್ಥವೆಂದುಕೊಂಡು ಹಡಗು ಹತ್ತಿದ ಪಾದ್ರಿಯ ಹುಲ್ಲು ಗುಡಿಯ ಜಾಗದಲ್ಲಿ ಐವತ್ತು ವರ್ಷಗಳ ಬಳಿಕ ದೊಡ್ಡ ದೇವಾಲಯದ ಪಾಯ ಬಿತ್ತು. ಅಗೆದವನು ಮನೆ ನೋಡಿಯೇ ಹೋಗುತ್ತಾನೆಂಬ ಕರಾರು ಸಾಮ್ಯದಲ್ಲಿಲ್ಲ. ದುಬುವಾ ಅವರನ್ನು ನೆನೆದಾಗ ನನಗೆ ಗೌರವದೊಂದಿಗೆ ಸಂಕಟವೂ ಆಗುತ್ತದೆ.

ಆ ದೊಡ್ಡ ದೇವಾಲಯ ಕಟ್ಟಲು ಫಾದರ್ ಕ್ಲೈನರ್ ತೊಡಗಿದ್ದು 1875ರಲ್ಲಿ. ಮರುವರ್ಷವೇ ಮಳೆ ಕೈಕೊಟ್ಟಿತು. 1876ರಿಂದ 78ರವರೆಗಿನ ಬರದಲ್ಲಿ ಮೈಸೂರು ಸಂಸ್ಥಾನ ತನ್ನ ಜನರಲ್ಲಿ ಸುಮಾರು ಐದನೇ ಒಂದು ಪಾಲನ್ನು ಕಳೆದುಕೊಂಡಿತು. ಹಸಿದು ಬಂದವರ ಗುಂಪುಗಳು ಬೆಂಗಳೂರಿನ ಬೀದಿಗಳಲ್ಲಿ ತುಂಬಿದ್ದ ದಿನಗಳವು. ಅಂಥ ಕಾಲದ ನಡುವೆ ಎದ್ದ ಕಟ್ಟಡ 1882ರ ಸೆಪ್ಟೆಂಬರ್ 8ರಂದು ಬಿಷಪ್ ಕೊಆಡು ಅವರ ಕೈಯಿಂದ ಪ್ರತಿಷ್ಠೆಯಾಯಿತು. ನನಗೆ ಮುಖ್ಯವೆನಿಸುವುದು ಅದರ ಮುಂದಿನ ಹೆಜ್ಜೆ. ನಾಲ್ಕೇ ವರ್ಷಕ್ಕೆ, 1886ರಲ್ಲಿ, ಅವರದೇ ಆಡಳಿತದ ಕಾಲದಲ್ಲಿ ಗುಡ್ ಶೆಫರ್ಡ್ ಸಭೆಯ ಕನ್ಯಾಸ್ತ್ರೀಯರು ಸೇಂಟ್ ಮಾರ್ಥಾಸ್ ಆಸ್ಪತ್ರೆ ತೆರೆದರು. ಗೋಪುರ ಎಷ್ಟು ಅಡಿ ಎಂದು ಎಲ್ಲರೂ ಕೇಳುತ್ತಾರೆ. ಆಸ್ಪತ್ರೆಯಲ್ಲಿ ಹೊಲಸು ತೊಳೆದ ಕೈಗಳನ್ನು ಯಾರೂ ಲೆಕ್ಕವಿಟ್ಟಿಲ್ಲ. ಮತ್ತಾಯನ ಸಾಮ್ಯದ ಪ್ರಕಾರ ಬಂಡೆಯಿರುವುದು ಎರಡನೆಯದರಲ್ಲಿ. ಅಂಥ ಕೈಗಳನ್ನು ನಮ್ಮ ಕಾಲದಲ್ಲೂ ಕಂಡಿದ್ದೇವೆ. 2021ರ ಬೇಸಿಗೆಯಲ್ಲಿ ಕೋವಿಡ್‌ಗೆ ಸತ್ತವರನ್ನು ಮುಟ್ಟಲು ಬಂಧುಗಳೇ ಅಂಜಿದಾಗ, ಮರ್ಸಿ ಏಂಜಲ್ಸ್ ಎಂಬ ಸ್ವಯಂಸೇವಕರ ತಂಡ ಜಾತಿಮತ ಕೇಳದೆ ಶವಗಳಿಗೆ ಹೆಗಲು ಕೊಟ್ಟಿತು. ಸತ್ತವರನ್ನು ಮರ್ಯಾದೆಯಿಂದ ಕಳಿಸಿಕೊಡಬೇಕೆಂದು ಚಿಕ್ಕಂದಿನಿಂದ ಕೇಳಿದ್ದ ಮಾತು ಆ ತಿಂಗಳುಗಳಲ್ಲಿ ನಡೆಯಾಯಿತು.

ಗಟ್ಟಿ ಅಸ್ತಿವಾರವೆಂದ ಕೂಡಲೇ ಎತ್ತರದ ಕಾಂಪೌಂಡನ್ನು ಕಲ್ಪಿಸಿಕೊಳ್ಳುವವರಿದ್ದಾರೆ. ನಂಬಿಕೆ ಬಲವಾದಷ್ಟೂ ನೆರೆಯವರ ದೇವರನ್ನು, ನೆರೆಯವರ ಮಾತನ್ನು ದೂರವಿಡಬೇಕೆಂಬುದು ಅವರ ಎಣಿಕೆ. ನನ್ನ ಅನುಭವಕ್ಕೆ ಬಂದದ್ದು ಇದಕ್ಕೆ ವಿರುದ್ಧ. ಬುಡ ಅಲ್ಲಾಡುವವನೇ ಕಿಟಕಿ ಮುಚ್ಚಿಕೊಳ್ಳುತ್ತಾನೆ. ಬಾಸೆಲ್ ಮಿಷನ್ನಿನ ಪಾದ್ರಿ ರೆವರೆಂಡ್ ಉತ್ತಂಗಿ ಚನ್ನಪ್ಪನವರನ್ನು ನೋಡಿ. ಕ್ರಿಸ್ತನಲ್ಲಿ ಕಡೆಯವರೆಗೂ ನೆಲೆನಿಂತ ಅವರು ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು, ಶರಣರ ಸಾಹಿತ್ಯವನ್ನು ಪ್ರೀತಿಯಿಂದ ಅಭ್ಯಾಸ ಮಾಡಿದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿ ಕೂರಿಸಿದರು. ಅದೇ ಮಿಷನ್ನಿನ ಕಿಟೆಲ್ 1853ರಲ್ಲಿ ಬಂದವರು ನಾಲ್ಕು ದಶಕದ ಶ್ರಮದ ನಂತರ 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಕೊಟ್ಟರು. ದಂಡಿನ ಆಸ್ಟಿನ್ ಟೌನಿಗೆ ಇಂದು ಅವರ ಹೆಸರಿದೆ. ಇಬ್ಬರ ಮನೆಯ ಬಾಗಿಲೂ ಅಗಲವಾಗಿತ್ತು, ಯಾಕೆಂದರೆ ಬಾಗಿಲು ತೆರೆದರೆ ಗೋಡೆ ಬಿದ್ದೀತೆಂಬ ಭಯ ಅವರಿಗಿರಲಿಲ್ಲ.

ಹಾಗಾದರೆ ಅಗೆಯುವುದೆಂದರೆ ಏನು? ಸಾಮ್ಯದ ಮೊದಲಲ್ಲಿ ಸ್ವಾಮಿ ‘ಈ ಮಾತುಗಳು’ ಎಂದದ್ದು ಅದೇ ಬೆಟ್ಟದ ಮೇಲೆ ಅಷ್ಟು ಹೊತ್ತು ಆಡಿದ ಮಾತುಗಳನ್ನು. ಹೌದೆಂದರೆ ಹೌದಾಗಿರಲಿ, ಆಣೆ ಬೇಡ. ಎಡಗೈಗೆ ತಿಳಿಯದಂತೆ ಬಲಗೈ ಕೊಡಲಿ. ಹಗೆಯವನಿಗಾಗಿ ಬೇಡಿಕೊಳ್ಳಿ. ನಾಳೆಯ ಚಿಂತೆಯಲ್ಲಿ ಇಂದನ್ನು ಸುಡಬೇಡಿ. ಇವೆಲ್ಲ ಗುಟ್ಟಾಗಿ, ಯಾರ ಕಣ್ಣಿಗೂ ಬೀಳದೆ ನಡೆಯಬೇಕಾದ ಕೆಲಸಗಳು. ಪಾಯದಂತೆಯೇ ಮಣ್ಣಿನೊಳಗಿನವು. ಪ್ರಾರ್ಥನೆಯನ್ನೂ ಕೋಣೆಯ ಬಾಗಿಲು ಹಾಕಿಕೊಂಡು ಮಾಡಿ ಎಂದವನು ಆತ. ಮಳೆಗಾಲ ಬಂದ ಮೇಲೆ ಇವನ್ನು ಆರಂಭಿಸಲು ಬರುವುದಿಲ್ಲ. ಆಸ್ಪತ್ರೆಯ ವರದಿ ಕೈಗೆ ಬಂದ ದಿನ, ಕೆಲಸ ಹೋದ ದಿನ, ಮಗ ಮನೆ ಬಿಟ್ಟುಹೋದ ದಿನ ಮನುಷ್ಯನನ್ನು ಹಿಡಿದು ನಿಲ್ಲಿಸುವುದು ಹಿಂದಿನ ಒಣ ದಿನಗಳಲ್ಲಿ ರೂಢಿಯಾದ ವಿಶ್ವಾಸ.

ಆ ಪ್ರಸಂಗದಲ್ಲಿ ಇನ್ನೊಂದು ಅಪ್ಪಣೆ ಇದೆ, ನಮ್ಮ ದಂಡಿನ ಮನೆಗಳಿಗೂ ಸಭೆಗಳಿಗೂ ನೇರ ತಗುಲುವಂಥದು. ಕಾಣಿಕೆ ಹಿಡಿದು ಪೀಠದ ಬಳಿ ಬಂದಾಗ ಒಡಹುಟ್ಟಿದವನಿಗೆ ನಿನ್ನ ಮೇಲೆ ಬೇಸರವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಇಟ್ಟು ಹೋಗಿ ಮೊದಲು ರಾಜಿಯಾಗು ಎನ್ನುತ್ತಾನೆ ಸ್ವಾಮಿ. ಅಪ್ಪ ಕಟ್ಟಿಸಿದ ಮನೆಯ ಪಾಲಿಗಾಗಿ ಕೋರ್ಟು ಹತ್ತಿದ ಅಣ್ಣತಮ್ಮಂದಿರು ನಮ್ಮಲ್ಲಿ ಎಷ್ಟು ಮಂದಿ! ಸಮಿತಿಯ ಚುನಾವಣೆಗಾಗಿ, ಯಾವ ಭಾಷೆಯ ಪೂಜೆ ಎಷ್ಟು ಗಂಟೆಗೆ ಎಂಬುದಕ್ಕಾಗಿ ಮುಖ ತಿರುಗಿಸಿಕೊಂಡವರು ಎಷ್ಟು ಮಂದಿ! ನೀವು ಅವರಲ್ಲಿ ಒಬ್ಬರಾಗಿದ್ದರೆ ಒಂದು ಬೇಡಿಕೆ. ಈ ಭಾನುವಾರ ದೇವಾಲಯಕ್ಕೆ ಹೊರಡುವ ಮುಂಚೆ ಅಣ್ಣನಿಗೋ ತಂಗಿಗೋ ಒಂದು ಫೋನ್ ಮಾಡಿ, ಸಾಧ್ಯವಾದರೆ ಮನೆಗೇ ಹೋಗಿ ಬನ್ನಿ. ಪೂಜೆಗೆ ತಡವಾದರೂ ಚಿಂತೆಯಿಲ್ಲ. ಮೊದಲು ಅಲ್ಲಿಗೆ ಹೋಗೆಂದವನು ಸ್ವಾಮಿಯೇ.